ಅತ್ತೆ ತಂದ ಕುಂಬಾರ ಹುಳದ ಗೂಡು

ನಮ್ಮ ಮನೆಯಲ್ಲಿ ಸೊಸೆ ಬಸುರಾದಳೋ ಇಲ್ಲವೋ ಎಂದು ಹೇಳಬೇಕಾದವರು ಡಾಕ್ಟರಲ್ಲ, ಕುಂಬಾರ ಹುಳ. ಹಸಿಮಣ್ಣು ತಂದು ಗೋಡೆಯ ಮೂಲೆಯಲ್ಲೋ ಕಿಟಕಿಯ ಚೌಕಟ್ಟಿನಲ್ಲೋ ಗೂಡು ಮೆತ್ತುವ, ಸಣ್ಣ ಸೊಂಟದ ಕಣಜ ಅದು. ಅದು ಮನೆಯೊಳಗೆ ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಕೆಂಪು ಮಣ್ಣಿನ ಗೂಡಾದರೆ ಹೆಣ್ಣು, ಕಪ್ಪು ಮಣ್ಣಿನದಾದರೆ ಗಂಡು. ಅದನ್ನು ಒಡೆಯಬಾರದು, ಪೊರಕೆ ತಾಗಿಸಬಾರದು, ಸುಣ್ಣ ಬಳಿಯುವವರೂ ಅದನ್ನು ಬಿಟ್ಟು ಸುತ್ತ ಬಳಿಯಬೇಕು. ನನ್ನ ಅತ್ತೆಗೆ ಇದು ನಂಬಿಕೆಯಲ್ಲ, ಕಣ್ಣಾರೆ ಕಂಡ ಸತ್ಯ. ಮಧುವನಹಳ್ಳಿಯ ನಮ್ಮ ಬೀದಿಯ ಯಾವ ಮಗು ಯಾವ ಗೂಡಿನ ಫಲ ಎಂದು ಅವರಿಗೆ ಬಾಯಿಪಾಠ. ನನ್ನ ಗಂಡ ಹುಟ್ಟಿದ್ದು ರಾಗಿ ತುಂಬುವ ವಾಡೆಯ ಹಿಂದೆ ಕಟ್ಟಿದ್ದ ಕಪ್ಪು ಮಣ್ಣಿನ ಗೂಡಿನಿಂದ. ಆ ಕಥೆಯನ್ನು ಹೇಳುವಾಗ ಮಾವನವರ ಪ್ರಸ್ತಾಪವೇ ಬರುವುದಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷಗಳೇ ಕಳೆದಿದ್ದವು. ಒಂದು ಹುಳವೂ ಇತ್ತ ಸುಳಿದಿರಲಿಲ್ಲ.

ಹನೂರಿನ ಕಡೆಯ ಒಂದು ಶಾಲೆಯಲ್ಲಿ ಪಾಠ ಹೇಳುವವಳು ನಾನು, ಹುಳವನ್ನು ಕಾಯುತ್ತ ಕೂರುವುದು ನನ್ನಿಂದಾಗಲಿಲ್ಲ. ಒಬ್ಬಳೇ ಮೈಸೂರಿನ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟೆ, ಸ್ಕ್ಯಾನ್ ಮಾಡಿಸಿಕೊಂಡೆ. ಹೇಳಿದ ಕಡೆಯಲ್ಲೆಲ್ಲ ಮಲಗಿದೆ, ಎದ್ದೆ. ಕೊನೆಗೆ ಡಾಕ್ಟರಮ್ಮ, "ನಿಮ್ಮಲ್ಲಿ ಏನೂ ತೊಂದರೆ ಕಾಣ್ತಿಲ್ಲಮ್ಮ. ಮುಂದಿನ ಸಲ ನಿಮ್ಮ ಯಜಮಾನರನ್ನ ಕರ್ಕೊಂಡು ಬನ್ನಿ" ಎಂದರು. ಬಂದು ಹೇಳಿದರೆ ಯಜಮಾನರು, "ಈಗ ಸೀಸನ್ನು ಕಣೇ, ಅಂಗಡಿ ಬಿಟ್ಟು ಎಲ್ಲಿಗೆ ಬರಲಿ?" ಎಂದರು. ಮುಂಗಾರು ಒಂದು ಸೀಸನ್, ಹಿಂಗಾರು ಇನ್ನೊಂದು ಸೀಸನ್, ನಡುವೆ ಟೊಮೊಟೊ ಸೀಸನ್. ಅತ್ತೆಯಂತೂ, "ಗಂಡಸ್ಗೆ ಎಂಥ ಪರೀಕ್ಷೆ ಕಣವ್ವ? ನನ್ ಮಗ ಕಲ್ಗುಂಡಿದ್ದಂಗವ್ನೆ" ಎಂದು ಮಾತು ಮುಗಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು. ಅಲ್ಲಿಂದಾಚೆ ನಾಟಿ ಔಷಧಿ, ಉಪವಾಸ, ಹರಕೆ ಎಲ್ಲ ನನ್ನ ತಲೆಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಇಲ್ಲಿ ಎತ್ತಿಗೆ ಜ್ವರ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಲೂ ಯಾರೂ ತಯಾರಿರಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ, ಒಂದು ಸಲ ಅವರು ನನ್ನ ಜೊತೆ ಮೈಸೂರು ಬಸ್ಸು ಹತ್ತಬೇಕು.

ಅವರ ಅಂಗಡಿ ಇರುವುದು ಕೊಳ್ಳೇಗಾಲದಲ್ಲಿ. ಗೊಬ್ಬರ, ಬಿತ್ತನೆ ಬೀಜ, ಹುಳ ಸಾಯಿಸುವ ಔಷಧಿ. ಈ ಸೀಮೆಯಲ್ಲಿ ಮರ್ಯಾದೆ ಇರುವ ಹುಳ ಒಂದೇ, ರೇಷ್ಮೆ ಹುಳ. ಅದಕ್ಕೆ ಹೊತ್ತುಹೊತ್ತಿಗೆ ಸೊಪ್ಪು, ತಟ್ಟೆ, ಬಿಸಿಲು ಬೀಳದ ಮನೆ, ಬಾಣಂತಿಯ ಆರೈಕೆ. ಮಿಕ್ಕ ಹುಳಗಳಿಗೆಲ್ಲ ನನ್ನ ಗಂಡನ ಅಂಗಡಿ. ಕಂಪನಿಯವರು ಹೊಸ ಡಬ್ಬ ತಂದರೆ ಅದರ ಸ್ಯಾಂಪಲ್ ಮೊದಲು ಬೀಳುತ್ತಿದ್ದದ್ದು ನಮ್ಮ ಹಿತ್ತಲಿನ ಮೇಲೆ. ಮೂಗಿಗೆ ಬಟ್ಟೆಯೂ ಇಲ್ಲದೆ, ಲುಂಗಿ ಎತ್ತಿ ಕಟ್ಟಿ, ಭಾನುವಾರ ಬೆಳಿಗ್ಗೆ ಅವರು ಸ್ಪ್ರೇ ಹೊಡೆಯುವುದನ್ನು ನೋಡಿದರೆ ದೇವರಿಗೆ ಧೂಪ ಹಾಕುತ್ತಿದ್ದಾರೇನೋ ಅನ್ನಿಸುತ್ತಿತ್ತು. ಔಷಧಿ ಕಲಸುವುದು ಬರಿಗೈಯಲ್ಲೇ. "ದಿನಾ ಮುಟ್ಟೋನಿಗೆ ಏನೂ ಆಗಲ್ಲ" ಎಂಬುದು ಅವರ ವಿಜ್ಞಾನ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಆ ಹಿತ್ತಲಿನಲ್ಲಿ ಕಾಲಿಡಲು ಹೆದರಬೇಕಿತ್ತು. ನುಗ್ಗೆಯ ಹೂವಿಗೆ ಕರಿ ದುಂಬಿಗಳು, ಹೀರೆ ಚಪ್ಪರದ ತುಂಬ ಜೇನು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ ಕೆಸರಿಗೆ ಮಣ್ಣು ಹೊರಲು ಬರುವ ಕುಂಬಾರ ಹುಳಗಳು. ಒಮ್ಮೆ ದಾಸವಾಳ ಕೀಳಲು ಹೋಗಿ ಕಣಜ ಕಚ್ಚಿ ನನ್ನ ಕೆನ್ನೆ ಬನ್ನಿನಂತೆ ಊದಿಕೊಂಡಿತ್ತು. ಈಗ ನೋಡಿದರೆ ಹಿತ್ತಲು ಸ್ವಚ್ಛ. ಚಿಟ್ಟೆಯಿಲ್ಲ, ದುಂಬಿಯಿಲ್ಲ, ಕಚ್ಚುವ ಕಣಜವೂ ಇಲ್ಲ. ಸೊಳ್ಳೆಗೆ ಮಾತ್ರ ಏನೂ ಆಗಿರಲಿಲ್ಲ, ಅದು ನನ್ನ ಗಂಡನ ಎಲ್ಲ ಕಂಪನಿಗಳ ಎಲ್ಲ ಡಬ್ಬಗಳನ್ನೂ ಜೀರ್ಣಿಸಿಕೊಂಡು ದಷ್ಟಪುಷ್ಟವಾಗಿತ್ತು. ಕುಂಬಳದ ಬಳ್ಳಿ ಹೂವು ಬಿಟ್ಟದ್ದೇ ಬಿಟ್ಟದ್ದು, ಪೀಚು ಮಾತ್ರ ಹಳದಿಯಾಗಿ ಉದುರುತ್ತಿತ್ತು.

ಮೊಬೈಲಿನಲ್ಲಿ ನೋಡಿ ಕಲಿತು, ಒಂದು ಬೆಳಿಗ್ಗೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಒರೆಸುತ್ತಿದ್ದೆ. ಅತ್ತೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು.

"ಎಂಥದವ್ವ ಅದು, ಊವ್ಗೆ ಮದ್ವೆ ಮಾಡ್ತಿದ್ದೀಯಾ?"

"ಹುಳ ಮಾಡೋ ಕೆಲಸ ಅತ್ತೆ. ಹುಳಾನೇ ಇಲ್ಲವಲ್ಲ, ಅದಕ್ಕೆ ನಾನು ಮಾಡ್ತಿದ್ದೀನಿ."

"ಉಳದ ಕೆಲ್ಸ ನೀ ಮಾಡು. ನಿನ್ ಕೆಲ್ಸ ಯಾರ್ ಮಾಡರು?"

ಅಲ್ಲೇ ಅಳಬೇಕೆನಿಸಿತು. ಕೈಯಲ್ಲಿದ್ದ ಹೂವನ್ನು ಬೇಕೆಂದೇ ಇನ್ನಷ್ಟು ಗಟ್ಟಿಯಾಗಿ ಒರೆಸಿದೆ.

ಆದರೆ ಹುಳವಿಲ್ಲ ಎಂಬ ನನ್ನ ಮಾತು ಅತ್ತೆಯ ತಲೆಯೊಳಗೆ ಹೊಕ್ಕಿತು. ಮನೆಗೆ ಹುಳ ಯಾಕೆ ಬರುತ್ತಿಲ್ಲ ಎಂಬ ತನಿಖೆ ಶುರುವಾಯಿತು. ಮೊದಲ ಆರೋಪಿ ತಾರಸಿ, ಹಳೆಯ ಹೆಂಚಿನ ಮನೆಯಾಗಿದ್ದರೆ ಬರುತ್ತಿತ್ತಂತೆ. ಎರಡನೆಯದು ನಾನು ನೆಲ ಒರೆಸುವ ಫಿನಾಯಿಲ್, ಆಮೇಲೆ ನಾನು ಹಚ್ಚುವ ಪೌಡರ್. ಪೌಡರಿನ ವಾಸನೆಗೆ ಹುಳ ಹೆದರುತ್ತದಂತೆ. ಮೂಲೆಯಲ್ಲಿ ನಿಂತಿದ್ದ ಸ್ಪ್ರೇಯರಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ಅದರ ಪಟ್ಟಿಗೆ ಅತ್ತೆ ಒಣಗಲು ಬಟ್ಟೆ ಹಾಕುತ್ತಿದ್ದರು. ಕೊನೆಗೆ ಒಂದು ಹಳೆಯ ಬಾಣಲೆಯಲ್ಲಿ ಕೆರೆಯ ಕಪ್ಪು ಮಣ್ಣು ತುಂಬಿ, ನೀರು ಚಿಮುಕಿಸಿ, ನಮ್ಮ ಕೋಣೆಯ ಕಿಟಕಿಯಲ್ಲಿಟ್ಟರು. ಕಿಟಕಿ ಮುಚ್ಚಬಾರದು ಎಂದು ಅಪ್ಪಣೆಯಾಯಿತು. ಆ ಆಹ್ವಾನವನ್ನು ಸೊಳ್ಳೆಗಳು ಸಂತೋಷದಿಂದ ಸ್ವೀಕರಿಸಿದವು.

ಬಾಣಲೆಯಿಂದ ಕೆಲಸ ಆಗಲಿಲ್ಲ. ಒಂದು ದಿನ ನಾನು ಶಾಲೆಯಿಂದ ಬರುವಾಗ ಅತ್ತೆ ಮನೆಯಲ್ಲಿರಲಿಲ್ಲ. ಕೌದಳ್ಳಿಯಲ್ಲಿರುವ ಅವರ ತಂಗಿಯ ಮನೆಗೆ ಹೋಗಿದ್ದರು. ಸಂಜೆಯ ಬಸ್ಸಿನಲ್ಲಿ ಸ್ಟೀಲ್ ಡಬ್ಬವೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಕಜ್ಜಾಯವಿರಬಹುದೆಂದು ಆಸೆಯಿಂದ ಮುಚ್ಚಳ ತೆಗೆದೆ. ಗೋಡೆಯ ಗಾರೆಯ ಚೂರಿನ ಸಮೇತ ಎಬ್ಬಿಸಿ ತಂದಿದ್ದ ಕುಂಬಾರ ಹುಳದ ಗೂಡು, ಮೆತ್ತಗಿರಲೆಂದು ಹತ್ತಿಯ ಮೇಲೆ ಮಲಗಿಸಿದ್ದರು.

"ಅವಳ ಮನೇಲಿ ಮೊಮ್ಮಕ್ಳು ಬೀದಿ ತುಂಬ ಅವೆ. ಇನ್ನೆಷ್ಟು ಬೇಕು ಅವಳ್ಗೆ? ಒಂದ್ ಗೂಡು ಕೊಡು ಅಂದೆ, ಕೊಟ್ಟಳು" ಎಂದರು, ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ಇಸಕೊಂಡು ಬಂದವರ ಹಾಗೆ.

ಸಗಣಿ, ಮೆಂತ್ಯದ ಹಿಟ್ಟು ಕಲಸಿ ಅದನ್ನು ನಮ್ಮ ಮಂಚದ ಮೇಲಿನ ಗೋಡೆಗೆ ಅಂಟಿಸಲಾಯಿತು. ಕುಂಕುಮವನ್ನೂ ಇಟ್ಟರು. ಗೂಡಿಗೆ ಇನ್ನೂ ತೂತು ಬಿದ್ದಿರಲಿಲ್ಲ, ಒಳಗಿನ ಮರಿ ಬದುಕಿದೆ ಎಂಬುದೇ ಅತ್ತೆಯ ಧೈರ್ಯ. ಮಾರನೆಯ ದಿನದಿಂದ ನನಗೆ ಬಿಂದಿಗೆ ಎತ್ತುವ ಕೆಲಸ ತಪ್ಪಿತು. ಗೂಡು ಕಟ್ಟಿದೆ ಎಂಬ ಸುದ್ದಿ ಬೀದಿಯಲ್ಲಿ ಹರಡಿತು, ಬಸ್ಸಿನಲ್ಲಿ ಬಂದದ್ದು ಎಂಬ ವಿವರ ಮಾತ್ರ ಎಲ್ಲೂ ಹೋಗಲಿಲ್ಲ. ಪಕ್ಕದ ಮನೆಯಾಕೆ ಹುಣಸೆಕಾಯಿ ತಂದುಕೊಟ್ಟು ನನ್ನ ಹೊಟ್ಟೆಯನ್ನು ಒಮ್ಮೆ ಕಣ್ಣಲ್ಲೇ ಅಳೆದು ಹೋದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆ, ಬಸುರಿಗೂ ಮುಂಚೆ ಬಯಕೆ ತೀರಿಸುವುದನ್ನು ಅಲ್ಲೇ ಕಂಡೆ. ಹುಣಸೆಕಾಯಿಯನ್ನು ಉಪ್ಪು ಹಚ್ಚಿ ತಿಂದೆ. ನಗು ಬರುತ್ತಿತ್ತು, ಸುಳ್ಳಲ್ಲ. ಆದರೆ ಮಂಚದ ಮೇಲೆ ಮಲಗಿ ಆ ಗೂಡನ್ನೇ ನೋಡುತ್ತ, ಯಾರಿಗೆ ಗೊತ್ತು, ಆದರೂ ಆಗಬಹುದು ಎಂದು ನನ್ನ ಮನಸ್ಸೂ ಆಸೆಪಡುತ್ತಿತ್ತು. ಇಷ್ಟು ಓದಿದವಳಿಗೆ ಮಣ್ಣಿನ ಉಂಡೆಯ ಮೇಲೆ ಆಸೆ ಬಂತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು.

ಒಂದು ಭಾನುವಾರ ಬೆಳಿಗ್ಗೆ ಗೂಡಿಗೆ ತೂತು ಬಿತ್ತು. ಮೊದಲು ಕಂಡದ್ದು ಅತ್ತೆ. "ಬನ್ರೋ, ಬತ್ತಾ ಅದೆ ನೋಡ್ಬನ್ರೋ" ಎಂದು ನಮ್ಮಿಬ್ಬರನ್ನೂ ಕೂಗಿದರು. ಮಣ್ಣು ಕೊರೆದುಕೊಂಡು ಮೊದಲು ಮೀಸೆ ಬಂತು, ಆಮೇಲೆ ತಲೆ, ಕೊನೆಗೆ ದಾರದಂತಹ ಸೊಂಟ. ಹುಳ ರೆಕ್ಕೆ ಒಣಗಿಸಿಕೊಂಡು, ಒಂದು ಸುತ್ತು ಹಾರಿ, ನನ್ನ ಗಂಡನ ಕಿವಿಯ ಹತ್ತಿರ ಗುಂಯ್ ಎಂದಿತು. ಅವರು ಕಾಫಿ ಲೋಟ ಕೆಳಗಿಟ್ಟರು, ಕಪಾಟಿನ ಮೇಲಿದ್ದ ಸ್ಪ್ರೇ ಡಬ್ಬ ತೆಗೆದರು, ಬುಸ್ಸೆಂದು ಹೊಡೆದರು. ಯೋಚನೆ ಮಾಡಿ ಹೊಡೆದದ್ದಲ್ಲ, ಕೈಗೆ ಅಂಟಿದ ಅಭ್ಯಾಸ. ಹುಳ ಅತ್ತೆಯ ಕಾಲ ಬಳಿ ಬಿದ್ದು, ಕಾಲು ಮಡಚಿಕೊಂಡು ಸುಮ್ಮನಾಯಿತು.

ಗಂಡನಿಗೆ ತಾನು ಮಾಡಿದ್ದೇನು ಎಂದು ಆಗ ತಿಳಿದಿರಬೇಕು, ಡಬ್ಬವನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಅತ್ತೆ ಕುಳಿತು ಹುಳವನ್ನು ಅಂಗೈಗೆ ಎತ್ತಿಕೊಂಡರು. ತುಂಬ ಹೊತ್ತು ಅದನ್ನೇ ನೋಡಿದರು. ಆಮೇಲೆ ಮಗನ ಕೈಯನ್ನು, ಮೂಲೆಯ ಸ್ಪ್ರೇಯರನ್ನು, ಕಿಟಕಿಯಾಚೆಯ ಹಿತ್ತಲನ್ನು ನೋಡಿದರು.

"ಲೇ ಮಗ, ಇದ್ನ ನೀನು ದಿನಾ ಕೈಯಲ್ಲಿ ಕಲ್ಸ್ತೀಯಾ, ದಿನಾ ಉಸ್ರು ತಕತೀಯಾ. ಉಳ ಅನ್ನೋದು ಇಷ್ಟಕ್ಕೇ ಸತ್ತೋಯ್ತು. ನಿನ್ ಒಳ್ಗೆ ಏನಾಗದೆ ಅಂತ ಯಾರ್ ಕಂಡವ್ರೆ?"

"ನಂಗೇನಾಗದೆ ಅವ್ವ, ಚೆನ್ನಾಗೇ ಇವ್ನಿ."

"ಅದ್ನ ನೀ ಏಳ್ಬೇಡ, ಡಾಕ್ಟ್ರು ಏಳ್ಲಿ. ನಾಳೀಕೆ ಅಂಗ್ಡಿ ಬಾಗ್ಲು ಆಕ್ಬುಡು."

ಸೀಸನ್ನು ಎನ್ನಲು ಅವರು ಬಾಯಿ ತೆರೆದರು. ಅತ್ತೆ ಸತ್ತ ಹುಳವನ್ನು ಅವರ ಮುಂದೆ ಹಿಡಿದರು.

ಮರುದಿನ ಮೂವರೂ ಮೈಸೂರು ಬಸ್ಸು ಹತ್ತಿದೆವು. ಅತ್ತೆ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಮಗ ಇಳಿದು ಓಡಿಹೋಗದಂತೆ ತಾವು ಅವರ ಪಕ್ಕ ಕೂತರು. ಆಸ್ಪತ್ರೆಯಲ್ಲಿ ನಮ್ಮ ಸರದಿ ಬಂದಾಗ ನರ್ಸು ಹೊರಗೆ ಬಂದು, ಅಭ್ಯಾಸದಂತೆ ನನ್ನತ್ತಲೇ ನೋಡಿ, "ಬಾಮ್ಮ ಒಳಗೆ" ಎಂದಳು. ನಾನೂ ಅಭ್ಯಾಸದಂತೆ ಎದ್ದೆ. ಅತ್ತೆ ನನ್ನ ಸೆರಗು ಹಿಡಿದೆಳೆದು ಕೂರಿಸಿದರು.

"ಅವಳಲ್ಲ ಕಣವ್ವ, ಅವಳದು ಯಾವತ್ತೋ ಆಯ್ತು. ಇವನ್ನ ಕರ್ಕೊಂಡೋಗು."