ಮೂರು ನೀರಿನ ಉಪ್ಪು

ನಮ್ಮ ಮಾರಂಡಹಳ್ಳಿ ಮನೆಯಲ್ಲಿ ಕಲ್ಲುಪ್ಪನ್ನು ತೊಳೆಯದೆ ಡಬ್ಬಿಗೆ ಹಾಕಿದವರಿಲ್ಲ. ಅವ್ವ ಮೊರದಲ್ಲಿ ಕಸ ಆರಿಸಿ, ಎರಡು ಸಲ ನೀರಲ್ಲಿ ಜಾಲಿಸಿ, ಬಿಸಿಲಿಗೆ ಹರಡುತ್ತಿದ್ದಳು. ಸೇಲಂ ಕಾನ್ವೆಂಟಿನಲ್ಲಿ ಓದಿ ಬಂದ ಮೇಲೆ ನಾನು ಮೂರನೆಯ ನೀರನ್ನೂ ಸೇರಿಸಿದೆ. ಸಿಸ್ಟರ್‌ಗಳು ಕಲಿಸಿದ ಕ್ಲೀನ್‌ಲಿನೆಸ್ ಅದು.

ನಮ್ಮೊಂದಿಗೇ ಇರುವ ಮೊಮ್ಮಗಳು ಕಳೆದ ವರ್ಷ ಎರಡು ತಿಂಗಳ ಬಸುರಿ. ಧರ್ಮಪುರಿಯಲ್ಲಿ ಬ್ಲಡ್ ಟೆಸ್ಟ್ ಮಾಡಿಸಿದಾಗ ಥೈರಾಯ್ಡ್ ಕಮ್ಮಿ ಎಂದು ಬಂತು. ಮನೆಯಲ್ಲಿ ಯಾವ ಉಪ್ಪು ಎಂದು ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು. ನಾನು ಹೆಮ್ಮೆಯಿಂದ ಮೂರು ನೀರಿನ ಕಥೆ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. ಇದೊಂದೇ ಕಾರಣ ಎನ್ನಲಾಗದು, ಆದರೆ ಈಗಿನ ಕಲ್ಲುಪ್ಪಿಗೆ ಸೇರಿಸುವ ಅಯೋಡಿನ್ ಹರಳಿನ ಮೇಲ್ಮೈಗೆ ಅಂಟಿರುತ್ತದೆ, ತೊಳೆದರೆ ನೀರಿನ ಜೊತೆ ಹೋಗುತ್ತದೆ ಎಂದರು. ತಾಯಿಗೇ ಸಾಲದಿದ್ದರೆ ಮಗುವಿನ ಮೆದುಳು ಬೆಳೆಯುವುದಕ್ಕೂ ಸಾಲದಂತೆ.

ಬಸ್ಸಿನಲ್ಲಿ ಮೊಮ್ಮಗಳು ಮೆಲ್ಲಗೆ ಕೇಳಿದಳು, "ಪಾಪೂಗೆ ಏನಾರ ಆಗೈತಾ ಅಜ್ಜಿ?"

"ಬೇಗ್ನೆ ಗೊತ್ತಾಯ್ತಲ್ಲ, ಮಾತ್ರೆ ಕೊಟ್ಟವ್ರೆ."

"ನೀನು ಇಂಗ್ಲಿಷ್ ಓದ್ದೋಳು. ನಿಂಗೂ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ಅದೇ ನನಗೆ ವಿಚಿತ್ರ. ಹೈಜೀನ್ ಪಾಠದಲ್ಲಿ ಕತ್ತು ಊದಿದ ಹೆಂಗಸಿನ ಚಿತ್ರವಿತ್ತು. 'ಡೆಫಿಶಿಯನ್ಸಿ ಆಫ್ ಅಯೋಡಿನ್' ಎಂದು ಬರೆದು ಫುಲ್ ಮಾರ್ಕ್ಸ್ ತೆಗೆದವಳು ನಾನು. ರಜೆಗೆ ಬಂದಾಗ ಅವ್ವನ ಕತ್ತಿನ ಉಬ್ಬಿನ ಮೇಲೆ ಕರಿಮಣಿ ಏರಿ ಇಳಿಯುವುದನ್ನು ನೋಡುತ್ತಾ ಮುದ್ದೆ ಉಣ್ಣುತ್ತಿದ್ದೆ. ಐದು ವರ್ಷವಾದರೂ ಮಾತು ಬಾರದ ತಂಗಿ ಪಕ್ಕದಲ್ಲೇ ಕೂತಿರುತ್ತಿದ್ದಳು. ಪುಸ್ತಕದವಳು ಯಾರೋ ಫಾರಿನ್ ಹೆಂಗಸು. ಅವ್ವ ಅಂದರೆ ಅವ್ವ. ತಂಗಿಯ ಮೌನ ಅವ್ವನ ಆ ಕತ್ತಿನಿಂದಲೇ ಬಂತೋ, ಬೇರೇನೋ, ಈಗ ಯಾವ ಟೆಸ್ಟ್ ಹೇಳೀತು? ಆದರೂ ಕೇಳಿಕೊಳ್ಳುತ್ತಲೇ ಇದ್ದೇನೆ.

ಮರುದಿನವೇ ಪಾಕೆಟ್ ಉಪ್ಪು ತಂದೆ. "ಇದನ್ನೂ ನೀರಿಗದ್ದಿ ಒಣಗಾಕ್ಬುಟ್ಟೀಯಾ" ಎಂದು ಮೊಮ್ಮಗಳು ಅಣಕಿಸಿದಳು. ಹೆಣ್ಣು ಮಗುವಾಯಿತು. ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದು ಥೈರಾಯ್ಡ್ ನೋಡಿದರು. ರಿಪೋರ್ಟ್ ನಾರ್ಮಲ್. ನನ್ನ ಕಿವಿಗೆ ಮಾತ್ರ ಅಷ್ಟು ಸಾಲಲಿಲ್ಲ. ತಿಂಗಳುಗಟ್ಟಲೆ ಆ ಮಗುವಿನ ಬಾಯಿಯನ್ನೇ ಕಾಯುತ್ತಾ ಕೂತೆ.

ಮೊನ್ನೆ ಉಪ್ಪಿನ ಡಬ್ಬಿ ತೆಗೆದ ಸದ್ದಿಗೆ ಅದು ಥಟ್ಟನೆ ತಿರುಗಿ "ತಾ ತಾ" ಎಂದಿತು.

"ಅದು ಕನ್ನಡವಾ, ತಮಿಳಾ?" ಎಂದಳು ಮೊಮ್ಮಗಳು.

ಎರಡರಲ್ಲೂ ಅದು ಬೇಡುವ ಮಾತೇ, ಯಾವುದಾದರೇನು. ಇನ್ನೊಂದು ಸಲ ಹೇಳಲಿ ಎಂದು ಡಬ್ಬಿ ಮುಚ್ಚಿ, ಮತ್ತೆ ತೆರೆದೆ.