ಕಿಟಕಿಗೆ ಕಾಣುವ ಗ್ರೌಂಡು

ಎದುರು ಮನೆಯವರ ಬಲಗೈಯ ಉಂಗುರ ಬೆರಳು ನಡುಗೆಣ್ಣಿನಿಂದ ಆಚೆಗೆ ಸೊಟ್ಟಗೆ ತಿರುಗಿತ್ತು. ಹರೆಯದಲ್ಲಿ ಚೆಂಡು ಬಡಿದು ಮುರಿದದ್ದಂತೆ. ಡಾಕ್ಟರ ಹತ್ತಿರ ಹೋಗಲು ಆಗ ಪುರುಸೊತ್ತಾಗಲಿಲ್ಲವಂತೆ. ಬಾಗಿಲು ತಟ್ಟುವಾಗ ಆ ಬೆರಳು ಮೊದಲು ತಾಗಿ, ಮಿಕ್ಕ ಸದ್ದು ಅದರ ಹಿಂದೆ ಬರುತ್ತಿತ್ತು. ಆ ಅಕ್ಟೋಬರಿನ ಬೆಳಿಗ್ಗೆ ನಮ್ಮವರು ಡಬ್ಬಿ ತೆಗೆದುಕೊಂಡು ಆಫೀಸಿಗೆ ಹೊರಟಾಗಿತ್ತು. ಮಗಳನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಬಂದು, ಹಾಲು ಉಕ್ಕದಂತೆ ಕಾಯುತ್ತ ನಿಂತಿದ್ದೆ. ಸದ್ದು ಕೇಳಿದ್ದೇ ಒಲೆ ಆರಿಸಿ ಕಾರಿನ ಕೀ ಎತ್ತಿಕೊಂಡೆ.

ಕಾರಿನ ಕಂಪನಿಗಳನ್ನೇ ನಂಬಿಕೊಂಡ ಟ್ರಾಯ್ ಊರಿನ ನಮ್ಮ ಬೀದಿಯಲ್ಲಿ ಎದುರು ಮನೆಯ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕೋಚ್ ಎಂದೇ. ಹತ್ತಿರದ ಸಣ್ಣ ಕಾಲೇಜೊಂದರ ಬೇಸ್‌ಬಾಲ್ ತಂಡವನ್ನು ತಲೆಗೂದಲು ಕಪ್ಪಿದ್ದಾಗಿನಿಂದ ನಡೆಸಿದವರು. ಕಾರ್ಖಾನೆಯಲ್ಲಿ ದುಡಿಯುವವರ ಮಕ್ಕಳನ್ನು ಕಟ್ಟಿಕೊಂಡು, ದೊಡ್ಡ ದೊಡ್ಡ ಕಾಲೇಜುಗಳನ್ನು ಸೋಲಿಸಿ ತಂದ ಟ್ರೋಫಿಗಳು ಅಲ್ಲಿನ ಕಾರಿಡಾರಿನ ಗಾಜಿನ ಬೀರುವಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಒಮ್ಮೆ ಶಿಕಾಗೋದ ದೊಡ್ಡ ವಿಶ್ವವಿದ್ಯಾಲಯವೊಂದು ಕರೆದಿತ್ತಂತೆ. ಹೋಗಿ ನೋಡಿ, ವಾಪಸು ಬಂದರಂತೆ. ಯಾಕೆ ಎಂದು ಕೇಳಿದ್ದಕ್ಕೆ, "ಅಲ್ಲಿ ಗ್ರೌಂಡ್ ನೋಡ್ಕೊಳ್ಳೋಕೆ ಬೇರೆಯವರಿದ್ದರು. ಹಾಗಾದ್ರೆ ನಾನೇನು ಮಾಡ್ಲಿ?" ಎಂದಿದ್ದರು.

ನನಗೆ ಡ್ರೈವಿಂಗ್ ಕಲಿಸಿದವರು ಅವರೇ. ನಮ್ಮವರು ಎರಡೇ ದಿನಕ್ಕೆ, "ಕ್ಲಚ್ ಇಲ್ಲದ ಗಾಡೀನೂ ಓಡ್ಸಕ್ಕಾಗಲ್ವಾ ನಿಂಗೆ? ನಮ್ಮಜ್ಜಿ ಓಡಿಸ್ತಿದ್ರು ಇದನ್ನ!" ಎಂದು ಕೈ ಮುಗಿದುಬಿಟ್ಟಿದ್ದರು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಪ್ರತಿ ತಪ್ಪಿಗೂ ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಕೋಚ್ ತಪ್ಪನ್ನು ಹೇಳುತ್ತಲೇ ಇರಲಿಲ್ಲ. ಕಾರು ನಿಂತ ಮೇಲೆ ಒಂದೇ ಪ್ರಶ್ನೆ: "ಏನು ಕಂಡಿತು, ಕಿಡ್?" ನಾನು ಕಂಡದ್ದನ್ನೆಲ್ಲ ಹೇಳುತ್ತ ಹೋದರೆ, ಕಾಣದೆ ಬಿಟ್ಟದ್ದು ನನಗೇ ತಿಳಿಯುತ್ತಿತ್ತು. ಮನೆಯಿಂದ ಹೊರಗೆ ಕಾಲಿಡಲು ಕಾರೇ ಬೇಕಾದ ಊರಿನಲ್ಲಿ ಅವರು ನನಗೆ ಕೊಟ್ಟದ್ದು ಎಷ್ಟು ದೊಡ್ಡದೆಂದು ಹೇಳಿದರೆ ಅಂಥ ಊರಲ್ಲಿ ಇದ್ದು ನೋಡದವರಿಗೆ ಅರ್ಥವಾಗಲಿಕ್ಕಿಲ್ಲ.

ಈಗ ಅವರ ಕಣ್ಣು ಮಸುಕಾಗಿ, ದೂರದ್ದೇನೂ ಕಾಣದೆ, ಡಾಕ್ಟರು ಡ್ರೈವಿಂಗ್ ಬಿಡಿಸಿದ್ದರು. ಕಾರಿನ ಕಂಪನಿಗಳೆಲ್ಲ ಕುಸಿಯುತ್ತಿದ್ದ ಕಾಲ. ಕಾಲೇಜಿಗೂ ಕೈ ಬಿಗಿಯಾಗಿ, ಬೇಸ್‌ಬಾಲ್ ತಂಡವನ್ನೇ ತೆಗೆದುಹಾಕುವ ಮಾತು ಎದ್ದಿತ್ತು. ಆ ದಿನ ಆಡಳಿತ ಮಂಡಳಿ ಕೂತು ತೀರ್ಮಾನಿಸುವುದಿತ್ತು.

"ನಿಮ್ಮನ್ನ ಮಾತಾಡೋಕೆ ಕರೆದಿಲ್ವಾ?" ಎಂದೆ ದಾರಿಯಲ್ಲಿ.

"ಕರೆದಿದ್ರು. ನಂಗೆ ಮಾತು ಬರಲ್ಲ. ಅವರ ರೂಮಿನ ಕಿಟಕಿಗೆ ಗ್ರೌಂಡ್ ಕಾಣುತ್ತೆ. ಅದು ಮಾತಾಡ್ಲಿ."

ಪಂದ್ಯವಿಲ್ಲದ ದಿನ, ಪಂದ್ಯದ ದಿನದ ಹಾಗೆ ಆ ಗ್ರೌಂಡನ್ನು ಸಿಂಗರಿಸಿದರು. ಮೇಪಲ್ ಎಲೆಗಳನ್ನು ಗುಡಿಸಿದರು. ಕೆಂಪು ಮಣ್ಣನ್ನು ಕುಂಟೆ ಎಳೆದು ಸಮ ಮಾಡಿದರು. ಆಮೇಲೆ ದಾರ ಬಿಗಿದು, ಅದರ ಗುಂಟ ಸುಣ್ಣದ ಗಾಡಿ ತಳ್ಳುತ್ತ, ಚೆಂಡು ಒಳಗೋ ಹೊರಗೋ ಎಂದು ತೀರ್ಮಾನಿಸುವ ಆ ಎರಡು ಉದ್ದನೆಯ ಬಿಳಿ ಗೆರೆಗಳನ್ನು ಎಳೆದರು. ದಾರದ ಇನ್ನೊಂದು ತುದಿ ಹಿಡಿದವಳು ನಾನು. ಆಟಗಾರರು ಒಳಗೆ ಬರುವಾಗ, ಹೋಗುವಾಗ ಆ ಗೆರೆಯನ್ನು ತುಳಿಯಬಾರದು, ದಾಟಬೇಕು; ಕೋಚ್ ಹುಡುಗರಿಗೆ ಮೊದಲ ದಿನ ಕಲಿಸುತ್ತಿದ್ದದ್ದು ಅದನ್ನೇ. ನಮ್ಮ ಮನೆಗೆ ಬಂದಾಗಲೂ ಬಾಗಿಲ ರಂಗೋಲಿಯನ್ನು ಕಾಲು ಉದ್ದ ಹಾಕಿ ದಾಟುತ್ತಿದ್ದರು. ಅಂಚೆಯವನು ತುಳಿದು ಹೋದರೆ ನನಗಿಂತ ಅವರಿಗೇ ಹೆಚ್ಚು ಸಂಕಟ.

ಕೆಲಸ ಮುಗಿದ ಮೇಲೆ ಬೆಂಚಿನ ಮೇಲೆ ಕೂತೆವು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಅವರು ಕಟ್ಟಡದ ಕಡೆ ಮುಖ ಮಾಡಿ, "ನೋಡ್ತಿದಾರಾ?" ಎಂದು ಕೇಳಿದರು.

ನಾನು ಕಣ್ಣೆತ್ತಿದೆ. ಎರಡನೇ ಮಹಡಿಯ ಆ ರೂಮಿನ ಪರದೆಗಳು ಒಂದೂ ಬಿಡದೆ ಕೆಳಗೆ ಇಳಿದಿದ್ದವು. ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಇಳಿಸಿರಬೇಕು.

"ಇಲ್ಲಿಂದ ಸರಿಯಾಗಿ ಕಾಣಲ್ಲ, ಕೋಚ್," ಎಂದೆ.

ಅವರು ತಲೆಯಾಡಿಸಿ, ಟೋಪಿ ಸರಿಮಾಡಿಕೊಂಡು ನೆಟ್ಟಗೆ ಕೂತರು.

ಮಧ್ಯಾಹ್ನದ ಹೊತ್ತಿಗೆ ಸೂಟು ತೊಟ್ಟವನೊಬ್ಬ ಆ ಕಟ್ಟಡದಿಂದ ಇಳಿದು ಬಂದ. ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ; ಕೋಚ್ ಕೈಯಲ್ಲೇ ಆಡಿ ಬೆಳೆದವನು. ಹುಲ್ಲಿನ ಮೇಲೆ ನೇರವಾಗಿ ನಡೆದು ಬಂದು ನಮ್ಮೆದುರು ನಿಂತ. ಕೋಚ್ ಬಗ್ಗಿ ಅವನ ಕಾಲನ್ನು ನೋಡಿದರು. ಹೊಳೆಯುವ ಕಪ್ಪು ಬೂಟಿನ ತುದಿಗೆ ಹಸಿ ಸುಣ್ಣ ಮೆತ್ತಿತ್ತು.

"ಹೇಳ್ಬೇಡ," ಎಂದರು ಕೋಚ್. "ಗೊತ್ತಾಯ್ತು."

"ಸಾರಿ, ಕೋಚ್. ಈ ವರ್ಷದಿಂದಲೇ ಅಂತೆ. ನಾನು ತುಂಬ ಹೇಳಿ ನೋಡಿದೆ."

"ಹೇಳಿರ್ತೀಯ." ಅವನ ಭುಜದ ಮೇಲೆ ಆ ಸೊಟ್ಟ ಬೆರಳಿನ ಕೈ ಇಟ್ಟರು. "ಊಟ ಮಾಡಿದ್ಯಾ?"

ವಾಪಸು ಬರುವಾಗ ನಾನು ಹೈವೇಯಿಂದ ಇಳಿಯುವ ಒಂದು ಎಕ್ಸಿಟ್ ತಪ್ಪಿಸಿಕೊಂಡು ಮೈಲಿಗಟ್ಟಲೆ ಸುತ್ತಿಕೊಂಡು ಬಂದೆ. ಮನೆ ಮುಂದೆ ಕಾರು ನಿಂತ ಮೇಲೆ ಅವರ ಆ ಒಂದು ಪ್ರಶ್ನೆಗಾಗಿ ಕಾದೆ. ಅದನ್ನು ಕೇಳದೆ, ಬಾಗಿಲು ತೆರೆದು ಇಳಿದು ಹೋದರು.

ಆ ಚಳಿಗಾಲ ಕಳೆಯುವುದರೊಳಗೆ ಕೋಚ್ ತೀರಿಕೊಂಡರು. ಎದೆಯ ಕಾಯಿಲೆ ಎಂದರು, ಇದ್ದಿರಬಹುದು. ನಾನು ಮತ್ತೆ ಅವರನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ, ಅವರು ಕರೆಯಲೂ ಇಲ್ಲ. ಪರದೆಗಳ ವಿಷಯ ಅವರಿಗೆ ಕೊನೆಗೂ ತಿಳಿಯಲಿಲ್ಲ.

ಆದರೆ ಗ್ರೌಂಡಿನಿಂದ ಬಂದ ಆ ದಿನದ ಸಂಜೆ ಇದ್ಯಾವುದೂ ಇನ್ನೂ ಬೀದಿಯವರೆಗೆ ಬಂದಿರಲಿಲ್ಲ. ಪಕ್ಕದ ಮನೆಯ ಹುಬ್ಬಳ್ಳಿಯ ಆಂಟಿ ಕಸದ ಡಬ್ಬಿ ಹೊರಗಿಡಲು ಬಂದವರು, ಕತ್ತಲಾದರೂ ದೀಪ ಹಾಕದ ಎದುರು ಮನೆಯನ್ನು ನೋಡಿ ನಕ್ಕು ಹೇಳಿದರು:

"ಈ ಸಲ ಥಂಡಿ ಮುಗದ ಮ್ಯಾಲೆ ನಾವೆಲ್ಲ ಕೂಡಿ ಒಂದ್ ಮ್ಯಾಚಿಗೆ ಹೋಗೂಣ್ರೀ. ಎದುರು ಮನಿಯವರದ ಟೀಮು, ಇಷ್ಟ್ ವರ್ಷ ಆತು, ಒಮ್ಮೆನೂ ನೋಡಿಲ್ಲಂದ್ರ ಅವರರ ಏನ್ ಅನ್ಕೋಬೇಕು?"