ರೆಕ್ಕೆಯ ತುದಿಯಲ್ಲಿ ಗಂಗಾಂಬಿಕಾ ಅವರ ಬೆಳಕು

ಸಕ್ಕರೆ ಕಾರ್ಖಾನೆ, ನೀರೆತ್ತುವ ಪಂಪು, ವಿದ್ಯುತ್ ಮಗ್ಗ ಇವುಗಳ ಒಳಮರ್ಮ ಬಲ್ಲ ತಂತ್ರಜ್ಞರಿಗೆ ಜಮಖಂಡಿ, ಮುಧೋಳ ಸೀಮೆಯಲ್ಲಿ ಎಂದೂ ಕೊರತೆಯಿಲ್ಲ. ಆದರೆ ಇದೇ ಮಣ್ಣಿನಲ್ಲಿ ಹುಟ್ಟಿ, ಸಣ್ಣ ವಿಮಾನಗಳ ನಿರ್ವಹಣೆಯನ್ನೇ ವೃತ್ತಿಯಾಗಿ ಆರಿಸಿಕೊಂಡು, ಇದೀಗ ನಿವೃತ್ತರಾಗುತ್ತಿರುವ ಇಂಜಿನಿಯರ್ ಎಂದರೆ ಶ್ರೀಮತಿ ಗಂಗಾಂಬಿಕಾ ಅವರೊಬ್ಬರೇ.

ಬನಹಟ್ಟಿಯ ಜವಳಿ ವ್ಯಾಪಾರಿ ಚನಮಲ್ಲಪ್ಪನವರ ಮಗಳಾದ ಅವರು ಪರವೂರುಗಳಲ್ಲಿ ಕಲಿತು, ದುಡಿದು, ಮುಧೋಳದ ಹೊರಗೆ ವಿಮಾನ ತರಬೇತಿ ಕೇಂದ್ರ ತೆರೆದಾಗ ಮರಳಿ ಬಂದರು. ಹಾರಾಟ ಕಲಿಸಲು ಬಂದ ರಂಜನಾ ಅವರಿಗೆ ಬಾಡಿಗೆ ಮನೆ ಸಿಗದೆ ಹೋದಾಗ, ಕೇಳುವ ಮೊದಲೇ ತಮ್ಮ ಮನೆಯ ಮೇಲಿನ ಕೋಣೆಯನ್ನು ತೆರವು ಮಾಡಿಕೊಟ್ಟರು. ಮಾತು ಬಿರುಸು, ಹಟ ಇನ್ನೂ ಬಿರುಸು. ಆದರೂ ಅವರನ್ನು ಎಲ್ಲರೂ 'ಅಕ್ಕಾರ' ಎಂದೇ ಕರೆಯುತ್ತಿದ್ದರು.

ಸಣ್ಣ ವಿಮಾನದ ಎಡರೆಕ್ಕೆಗೆ ಕೆಂಪು, ಬಲರೆಕ್ಕೆಗೆ ಹಸಿರು, ಬಾಲಕ್ಕೆ ಬಿಳಿ ದೀಪವಿರುತ್ತದೆ. ಹಳೆಯ ಬಲ್ಬುಗಳು ಕಾವಿಗೂ ಅದುರಾಟಕ್ಕೂ ಪದೇ ಪದೇ ಸುಡುತ್ತಿದ್ದುದರಿಂದ ಎಲ್‌ಇಡಿ ಹಾಕಬೇಕೆಂದು ಪಟ್ಟು ಹಿಡಿದವರು ಗಂಗಾಂಬಿಕಾ ಅವರೇ. ಅನುಮತಿಯಿದ್ದ ದೀಪಗಳನ್ನೇ ತರಿಸಿ ಒಂದು ವಿಮಾನಕ್ಕೆ ತಮ್ಮ ಕೈಯಾರೆ ಜೋಡಿಸಿ, ಹಾರಲು ಸರಿಯಿದೆಯೆಂದು ಸಹಿ ಹಾಕಿದರು. ಹ್ಯಾಂಗರಿನ ಮುಂದೆ ಬೆಳಗಿಸಿದಾಗ ಎಲ್ಲರೂ ಮೆಚ್ಚಿದರು.

ಅದೇ ಸಂಜೆ ರಂಜನಾ ಒಬ್ಬರೇ ಆ ವಿಮಾನದಲ್ಲಿ ಬೀಳಗಿಯ ಕಡೆ ಹಾರಿ ಮರಳುತ್ತಿದ್ದರು. ಇನ್ನೊಂದು ವಿಮಾನವೂ ಇಳಿಯಲು ಬರುತ್ತಿತ್ತು. ಕೇಂದ್ರದ ರೇಡಿಯೊ ನೋಡಿಕೊಳ್ಳುವ ತುಕಾರಾಮ ತಮ್ಮ ಕೋಣೆಯಿಂದ ಮತ್ತೆ ಮತ್ತೆ ಕರೆದರೂ ರಂಜನಾರಿಂದ ಉತ್ತರವಿಲ್ಲ. ಪಕ್ಕದಲ್ಲಿ ನಿಂತಿದ್ದ ಗಂಗಾಂಬಿಕಾ ಕಿಟಕಿಯಾಚೆ ನೋಡುತ್ತಿದ್ದಂತೆಯೇ, ಮುಸ್ಸಂಜೆಯ ಆಕಾಶದಲ್ಲಿ ಥಳಥಳಿಸುತ್ತಿದ್ದ ಆ ದೀಪಗಳು ಒಮ್ಮೆಗೇ ಆರಿದವು. ಮರುಗಳಿಗೆ ರೇಡಿಯೊದಲ್ಲಿ ರಂಜನಾರ ದನಿ ಬಂತು.

"ಲೈಟ್ ಹಚ್ಚಿದ್ರ ಬರೇ ಗರ್ರ್ ಅಂತ ಸಪ್ಪಳ ಬರತೈತಿ, ಆರಿಸಿದ್ರ ನಿಮ್ಮ ಮಾತು ಕೇಳಸ್ತೈತಿ. ಹಂಗ ಇಳೀತೀನಿ."

ಹೊಸ ದೀಪಗಳೇ ರೇಡಿಯೊಗೆ ಅಡ್ಡಬರುತ್ತಿವೆ ಎಂದು ಗಂಗಾಂಬಿಕಾ ಅವರಿಗೆ ಹೊಳೆಯಿತು. ದೀಪ ಹಚ್ಚಿದಾಗ ಹತ್ತಿರದಲ್ಲಿ ಕೇಳಿಸಿದ ರೇಡಿಯೊ ದೂರದಲ್ಲಿಯೂ ಕೇಳಿಸುವುದೇ ಎಂದು ಅವರು ಪರೀಕ್ಷಿಸಿರಲಿಲ್ಲ. ದೀಪವಿದ್ದರೆ ಕಿವಿಯಿಲ್ಲ, ಕಿವಿಯಿದ್ದರೆ ದೀಪವಿಲ್ಲ. ತುಕಾರಾಮ ಎರಡನೆಯ ವಿಮಾನವನ್ನು ಚಿಮ್ಮಡದ ಕಡೆ ದೂರ ಕಳಿಸಿದರು. ಗಂಗಾಂಬಿಕಾ ರನ್‌ವೇಯ ಅಂಚಿಗೆ ಓಡಿ, ದೀಪವಿಲ್ಲದೆ ಇಳಿದುಬಂದ ವಿಮಾನದ ಗಾಲಿ ನೆಲ ಮುಟ್ಟುವವರೆಗೂ ಅಲ್ಲೇ ನಿಂತರು.

ಮರುದಿನ ಹೊಸ ವಿದ್ಯಾರ್ಥಿಗಳ ಪಾಲಕರು ಬರುವವರಿದ್ದರು. ನಿರ್ದೇಶಕ ಶಿವಯೋಗಿಯವರು ಮೆಲ್ಲಗೆ ಹೇಳಿದರು: "ಸುಖರೂಪ ಇಳದಾತಲ್ರಿ. ಲೈಟ್ ಕೆಟ್ಟಿತ್ತು ಅಂತ ಮುಗಿಸೋಣು."

"ಲೈಟ್ ಕೆಟ್ಟಿಲ್ರಿ ಸರ್. ಪೂರ್ತಿ ನೋಡದ ಹಾಕಿದಾಕಿ ನಾನು."

ಪಾಲಕರ ಮುಂದೆಯೂ ಅದನ್ನೇ ನುಡಿದರು. ಸಂಜೆಯ ಹಾರಾಟ ನಿಲ್ಲಿಸಿ, ಹಳೆಯ ಬಲ್ಬುಗಳನ್ನು ತಾವೇ ಮರಳಿ ಹಾಕಿದರು. ಕೆಲವರು ಮಕ್ಕಳನ್ನು ಬೇರೆಡೆ ಸೇರಿಸಿದರು. ಶಿವಯೋಗಿಯವರು ಬಹಳ ದಿನ ಅವರೊಡನೆ ನೆಟ್ಟಗೆ ಮಾತಾಡಲಿಲ್ಲ.

ಹಾಗೆಂದು ಗಂಗಾಂಬಿಕಾ ಎಲ್‌ಇಡಿಯನ್ನು ಕೈಬಿಡಲಿಲ್ಲ. ರೇಡಿಯೊಗೆ ಅಡ್ಡಿಯಾಗದ ಬಗೆಯ ದೀಪ ಹುಡುಕಿ, ತಂತಿಗಳನ್ನು ಬೇರೆ ದಾರಿಯಲ್ಲಿ ಹಾಯಿಸಿ, ಪರೀಕ್ಷೆಗೆ ರಂಜನಾರ ಪಕ್ಕದಲ್ಲಿ ತಾವೇ ಕುಳಿತರು. ಮೇಲೇರಿದರೆ ಹೊಟ್ಟೆ ತೊಳೆಸುತ್ತದೆಂದು ವರ್ಷಗಟ್ಟಲೆ ವಿಮಾನ ಹತ್ತದವರು, ಆ ದಿನ ತುಬಚಿಯಿಂದ ಬೀಳಗಿಯ ಹಿನ್ನೀರಿನವರೆಗೂ ದೀಪ ಹಚ್ಚುತ್ತ ಆರಿಸುತ್ತ ಹೋದರು.

"ಅಕ್ಕಾರ, ಹೆಂಗದೀರಿ?" ಕೆಳಗಿನಿಂದ ತುಕಾರಾಮ ಕೇಳಿದರು.

"ನನ್ನ ಸುದ್ದಿ ಬಿಡು. ದನಿ ಹೆಂಗೈತಿ ಹೇಳು."

"ಸ್ವಚ್ಛ ಐತ್ರಿ."

ಇಂದು ಕೇಂದ್ರದ ಎಲ್ಲ ವಿಮಾನಗಳಲ್ಲೂ ಅದೇ ದೀಪಗಳಿವೆ. ಬೀಳ್ಕೊಡುಗೆಯ ದಿನ ಶಿವಯೋಗಿಯವರು ಎದ್ದುನಿಂತು, "ಅವತ್ತು ನೀವು ನನ್ನ ಮಾತು ಕೇಳಿದ್ರ, ಇವತ್ತು ಇಲ್ಲಿ ಯಾರೂ ಯಾರ ಸಹಿನೂ ನಂಬತಿರಲಿಲ್ರಿ" ಎಂದರು. ಗಂಗಾಂಬಿಕಾ ತಲೆ ತಗ್ಗಿಸಿದರು. ಅವರ ಕಣ್ಣು ತುಂಬಿದ್ದನ್ನು ಸಹೋದ್ಯೋಗಿಗಳು ಕಂಡದ್ದು ಅದೇ ಮೊದಲು.

ಬರುವ ತಿಂಗಳಿನಿಂದ ಅವರು ಜಮಖಂಡಿಯಲ್ಲಿ ಹೆಣ್ಣುಮಕ್ಕಳಿಗೆ ವಿದ್ಯುತ್ ಕೆಲಸ ಕಲಿಸಲಿದ್ದಾರೆ. ಅವರಿಗೆ ತುಂಬು ಆಯುಷ್ಯವಿರಲಿ, ಕೈಗೆ ಎಂದಿನ ಕಸುವಿರಲಿ. ಅವರ ಬಳಿ ಕಲಿತವರಿಗೆ ತಪ್ಪನ್ನು ತನ್ನದೆನ್ನುವ ಆ ಎದೆಗಾರಿಕೆಯೂ ಬರಲಿ.